ಸಾಕು ಎಂದವರಿಗೆ ಬಡಿಸುವುದು

ಬಡಿಸುವುದರಲ್ಲಿ ನನ್ನನ್ನು ಮೀರಿಸುವವರು ಭದ್ರಾವತಿಯಲ್ಲಿ ಇರಲಿಲ್ಲ. ಇದು ಜಂಬವಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಪಂಕ್ತಿಯಲ್ಲಿ ಕೂತವರು ‘ಸಾಕು’ ಎಂದರೆ ಅಲ್ಲಿಂದ ನನ್ನ ಕೆಲಸ ಶುರು. ಮೊದಲನೇ ಸಾಕಿಗೆ ಇನ್ನೊಂದು ಹೋಳಿಗೆ. ಎರಡನೇ ಸಾಕಿಗೆ ಎಲೆಯ ಮೇಲೆ ಒಂದು ಕೈ ಅಡ್ಡ ಬರುತ್ತದೆ. ಆ ಕೈಯ ಪಕ್ಕದಿಂದ ಮತ್ತೊಂದು. ಎರಡೂ ಕೈ ಅಡ್ಡ ಹಿಡಿದು ಎಲೆಯ ಮೇಲೆ ಬಗ್ಗಿ “ಅಯ್ಯೋ ಅಮ್ಮ, ದೇವರಾಣೆ ಸಾಕು” ಎಂದು ಕೂಗಿಕೊಂಡರೆ ಬೆರಳ ಸಂದಿಯಲ್ಲಿ ತುಪ್ಪ. ಇಷ್ಟೆಲ್ಲ ಆದ ಮೇಲೆ ಅವರು ಸೊಂಟ ಹಿಡಿದುಕೊಂಡು ಎದ್ದು “ಎಂಥಾ ಉಪಚಾರ ಮಾರಾಯ್ರೆ” ಎಂದು ಹೊಗಳಿಕೊಂಡು ಹೋಗುತ್ತಾರೆ. ನಮ್ಮಲ್ಲಿ ಮರ್ಯಾದೆ ಎಂದರೆ ಇದು.

ನನ್ನ ಮಗಳ ಮಗಳಿಗೆ ಇದು ತಲೆಗೆ ಹತ್ತಲೇ ಇಲ್ಲ.

ಮಗನ ಮಗಳ ನಿಶ್ಚಿತಾರ್ಥಕ್ಕೆ ಹೊಳೆಹೊನ್ನೂರಿನಿಂದ ಬೀಗರು ಬಂದಿದ್ದರು. ನಾನು ಒಲೆಯ ಹತ್ತಿರ ಸಿಕ್ಕಿಬಿದ್ದಿದ್ದೆ. ಹೋಳಿಗೆಯ ತಟ್ಟೆಯನ್ನು ಈ ಮಗಳ ಮಗಳ ಕೈಗೆ ಕೊಟ್ಟು “ಹೋಗು, ಬಡಿಸು” ಎಂದೆ. ಐದು ನಿಮಿಷಕ್ಕೆ ವಾಪಸು ಬಂದಳು. ತಟ್ಟೆಯಲ್ಲಿ ಮುಕ್ಕಾಲು ಪಾಲು ಹಾಗೇ ಇತ್ತು.

“ಎಲ್ಲರಿಗೂ ಸಾಕಂತೆ ಅಜ್ಜಿ.”

“ಯಾರೇ ಹೇಳಿದ್ದು?”

“ಅವರೇ. ಒಂದೊಂದು ಹಾಕಿದೆ, ಒಬ್ಬೊಬ್ಬರೂ ಸಾಕು ಅಂದರು. ಕೆಲವರು ಎರಡೆರಡು ಸಲ ಅಂದರು.”

ಹೊರಗೆ ಇಣುಕಿದರೆ ಬೀಗರು ಖಾಲಿ ಎಲೆಯ ಮುಂದೆ ಕೂತು, ಹೋಳಿಗೆ ಈಗ ಬರುತ್ತದೆ, ಆಗ ಬರುತ್ತದೆ ಎಂದು ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದರು. ನಾನು ಸೆರಗು ಸಿಕ್ಕಿಸಿಕೊಂಡು ಓಡುವಷ್ಟರಲ್ಲಿ ಅವರ ಹಿರಿಯರು ಕೈ ತೊಳೆಯಲು ಎದ್ದರು. ಹಿರಿಯರು ಎದ್ದ ಮೇಲೆ ಉಳಿದವರೂ ಏಳಲೇಬೇಕಲ್ಲ. ಹೋಗುವಾಗ ಬೀಗಿತ್ತಿ ನನ್ನ ಸೊಸೆಯ ಕಿವಿಯ ಹತ್ತಿರ “ನಿಮ್ಮಲ್ಲಿ ಕೈ ಸ್ವಲ್ಪ ಬಿಗಿ ಅಲ್ವಾ” ಎಂದಳಂತೆ. ಸಂಜೆಯೊಳಗೆ ಒಂದು ಬುಟ್ಟಿ ಹೋಳಿಗೆ ಕಟ್ಟಿ ಮಗನನ್ನು ಸ್ಕೂಟರಿನಲ್ಲಿ ಹೊಳೆಹೊನ್ನೂರಿಗೆ ಓಡಿಸಬೇಕಾಯಿತು. ಇವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಬೇಡ ಅಂದೋರಿಗೆ ಯಾಕೆ ಕಳಿಸ್ತೀರಿ?” ಎಂದು ಕೇಳಿದಳು. ಕೊಂಕಿನಿಂದ ಕೇಳಿದ್ದರೆ ಎರಡು ಬಿಡಬಹುದಿತ್ತು. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು.

ಇಂಥವಳು, ಕೈಲಾಗದ ದೊಡ್ಡವರಿಗೆ ಉಣಿಸಿ, ಮೀಯಿಸಿ, ಬಟ್ಟೆ ತೊಡಿಸಿ ನೋಡಿಕೊಳ್ಳುವ ಕೆಲಸವೇ ತನಗೆ ಬೇಕು ಎಂದು ಹಟ ಹಿಡಿದಳು.

ಅವಳು ಚಿಕ್ಕವಳಿದ್ದಾಗ ಶಿವಮೊಗ್ಗದ ಡಾಕ್ಟರು ‘ಆಟಿಸಂ’ ಎಂದರು. ನಾನು ಓದಿದ್ದು ನಾಲ್ಕನೇ ಕ್ಲಾಸು. ಆಟ ಎಂದು ಶುರುವಾಗುವುದರಲ್ಲಿ ದೊಡ್ಡ ತೊಂದರೆ ಇರಲಾರದು ಎಂದುಕೊಂಡು ಔಷಧಿ ಕೇಳಿದೆ. “ಇದು ಕಾಯಿಲೆ ಅಲ್ಲಮ್ಮ, ಅವಳ ತಲೆ ಕೆಲಸ ಮಾಡೋ ರೀತಿನೇ ಹೀಗೆ” ಎಂದರು. ಕಾಯಿಲೆ ಅಲ್ಲದಿದ್ದರೆ ಇಲ್ಲಿಗೆ ಬಂದದ್ದೇಕೆ ಎಂದು ಸಿಟ್ಟು ಬಂತು. ಆಮೇಲೆ ಅವಳ ಜೊತೆ ಇದ್ದು ಇದ್ದು ತಿಳಿಯಿತು. ಮಿಕ್ಸಿ ಹಾಕಿದರೆ ಅವಳು ಬೀದಿಯಲ್ಲಿರುತ್ತಾಳೆ. ಬಟ್ಟೆಯ ಕಾಲರಿನಲ್ಲಿರುವ ಚೀಟಿ ಕತ್ತರಿಸಿ ಕೊಡದಿದ್ದರೆ ತೊಡುವುದಿಲ್ಲ. ಆಡಿದ ಮಾತು ಅವಳಿಗೆ ಆಡಿದ ಮಾತೇ, ಅದರ ಹಿಂದೆ ಮುಂದೆ ಏನೂ ಇಲ್ಲ. ಮಾತಾಡುವಾಗ ಮುಖ ನೋಡುವುದಿಲ್ಲ, ಕೈ ನೋಡುತ್ತಾಳೆ.

ನನ್ನ ಗಂಡ ಕಾರ್ಖಾನೆಯಿಂದ ರಿಟೈರಾದ ಮೇಲೆ ಲಕ್ವ ಹೊಡೆದು ಮೂರು ವರ್ಷ ಹಾಸಿಗೆ ಹಿಡಿದರು. ಕಾಲೇಜಿಗೆ ಹೋಗುತ್ತಿದ್ದ ಇವಳೇ ಗಡಿಯಾರ ನೋಡಿಕೊಂಡು ಮಗ್ಗುಲು ತಿರುಗಿಸುತ್ತಿದ್ದಳು. ಹಬ್ಬ ಇರಲಿ, ನೆಂಟರು ಇರಲಿ, ಟೀವಿಯಲ್ಲಿ ಕ್ರಿಕೆಟ್ ಇರಲಿ, ಹೊತ್ತಾಯಿತೆಂದರೆ ತಿರುಗಿಸಿದಳೇ. ಬೆನ್ನಿನಲ್ಲಿ ಒಂದು ಹುಣ್ಣಾಗಲಿಲ್ಲ. ಬದುಕಿಡೀ ಯಾರ ಮಾತೂ ಕೇಳದ ಮನುಷ್ಯ ಇವಳು “ಅಜ್ಜ, ಈಗ ಗಡ್ಡ” ಎಂದರೆ ಕತ್ತು ಎತ್ತುತ್ತಿದ್ದರು. ನಾನು ಹೇಳಿದರೆ ಬೈಗುಳ. ಅವರು ಹೋದ ಮೇಲೆ ಇವಳು, ಆರು ತಿಂಗಳ ತರಬೇತಿ ಇದೆ, ಸೇರುತ್ತೇನೆ ಎಂದಳು. ಅವಳ ತಾಯಿ, ಅಂದರೆ ನನ್ನ ಮಗಳು, ಹಣೆ ಚಚ್ಚಿಕೊಂಡಳು. “ನಿನ್ನನ್ನೇ ನೋಡ್ಕೊಳ್ಳಕ್ಕೆ ಒಬ್ಬರು ಬೇಕು ಮಾರಾಯ್ತಿ!”

ತರಬೇತಿ ಮುಗಿಯಿತು. ಕೆಲಸ ಕೇಳಲು ಹೋದ ಮೊದಲನೇ ಜಾಗದಲ್ಲಿ “ಸರಿ, ತಿಳಿಸ್ತೀವಿ” ಎಂದು ಕಳಿಸಿದರು. ತಿಳಿಸುತ್ತೇವೆ ಎಂದರೆ ಇಲ್ಲ ಎಂದು ಅರ್ಥ ಎನ್ನುವುದು ನಮ್ಮ ಬೀದಿಯ ನಾಯಿಗೂ ಗೊತ್ತು. ಇವಳು ದಿನಾ ಹತ್ತು ಗಂಟೆಗೆ ಫೋನ್ ಮಾಡಿ “ಇವತ್ತು ತಿಳಿಸ್ತೀರಾ?” ಎಂದು ಕೇಳುತ್ತಿದ್ದಳು. ಕೊನೆಗೆ ಅವರು ನಂಬರನ್ನೇ ಬದಲಾಯಿಸಿಕೊಂಡರು ಎಂದು ನನ್ನ ಗುಮಾನಿ.

ಎರಡನೆಯದು ಶಿವಮೊಗ್ಗದ ರಾಗಿಗುಡ್ಡದ ಕಡೆಗಿದ್ದ, ಕೈಲಾಗದವರನ್ನು ಇಟ್ಟುಕೊಂಡು ನೋಡಿಕೊಳ್ಳುವ ಒಂದು ಕೇಂದ್ರ. ಅದನ್ನು ನಡೆಸುವ ಮೇಡಂ ನನ್ನನ್ನೂ ಒಳಗೆ ಕೂರಿಸಿಕೊಂಡರು. ಒಳ್ಳೆಯ ಹೆಂಗಸು, ಆದರೆ ಅಂಜುಬುರುಕಿ. ಕಾಗದ ಎಲ್ಲ ನೋಡಿ, ನನ್ನ ಮಗಳು ಕೇಳಿದ್ದನ್ನೇ ಮೆತ್ತಗೆ ಕೇಳಿದರು: “ನಿಮಗೇ ಒಬ್ಬರ ಸಹಾಯ ಬೇಕಾಗತ್ತಲ್ವಾ?”

“ಬೇಕು” ಎಂದಳು ಇವಳು, ಮೇಡಂ ಕೈಯ ಬಳೆ ನೋಡುತ್ತ. “ನನಗೆ ಅಜ್ಜಿ ಇದಾರೆ. ನಿಮಗೆ ಯಾರಿದಾರೆ?”

ಮೇಡಂ “ನಮ್ಮ ಯಜಮಾನ್ರು” ಎಂದುಬಿಟ್ಟರು. ಆಮೇಲೆ ತಾವೇ ನಕ್ಕರು. ಒಂದು ತಿಂಗಳು ನೋಡೋಣ ಎಂದರು. ಎರಡು ಷರತ್ತು. ಆ ಒಂದು ತಿಂಗಳು ನಾನೂ ಜೊತೆಯಲ್ಲಿ ಬರಬೇಕು. ಮತ್ತೆ, ಅಲ್ಲಿರುವವರ ಮನೆಯ ಕಡೆಯಿಂದ ಒಂದೇ ಒಂದು ದೂರು ಬಂದರೂ ಇವಳನ್ನು ಇಟ್ಟುಕೊಳ್ಳಲು ಆಗುವುದಿಲ್ಲ. “ಬೇಜಾರು ಮಾಡ್ಕೋಬೇಡಿ, ಜನ ಏನಂತಾರೋ ಅನ್ನೋ ಹೆದರಿಕೆ” ಎಂದರು. ಇವಳು ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು: ಒಂದು ದೂರು ಬಂದರೆ ಬಿಡಬೇಕು.

ದಿನಾ ಬೆಳಿಗ್ಗೆ ಭದ್ರಾವತಿಯಿಂದ ಬಸ್ಸು ಹಿಡಿದು ಹೋಗುತ್ತಿದ್ದೆವು. ನನಗೆ ಹಾಲಿನ ಮೂಲೆಯಲ್ಲಿ, ಸ್ವಿಚ್ ಬೋರ್ಡಿನ ಕೆಳಗೆ, ಒಂದು ಬೆಂಚು. ಸುಮ್ಮನೆ ಕೂತು ಅಭ್ಯಾಸವಿಲ್ಲದ್ದರಿಂದ ಅಡುಗೆಯವರ ಹುರುಳಿಕಾಯಿ ಹೆಚ್ಚಿಕೊಡುತ್ತಿದ್ದೆ. ನಾಲ್ಕನೇ ದಿನಕ್ಕೆ ನನಗೆ ಇನ್ನೊಂದು ಹುದ್ದೆ ಸಿಕ್ಕಿತು.

ಅಲ್ಲಿ ಒಬ್ಬಳು ಹೆಂಗಸು ಇದ್ದಳು, ನಲವತ್ತು ದಾಟಿದವಳು. ಹುಟ್ಟಿನಿಂದಲೇ ಮೈ ಸ್ವಾಧೀನವಿಲ್ಲ, ಗಾಲಿ ಕುರ್ಚಿ, ಮಾತಿಲ್ಲ. ಆದರೆ ಮುಖ ಮಾತ್ರ ಯಾರನ್ನೋ ಆಡಿಕೊಂಡು ಈಗತಾನೇ ನಕ್ಕು ಮುಗಿಸಿದವರ ಹಾಗೆ. ಆಗಾಗ ಕಣ್ಣು ಮೇಲೆತ್ತಿ ಸೀಲಿಂಗ್ ಫ್ಯಾನನ್ನೇ ನೋಡುತ್ತಿದ್ದಳು. ಅದಕ್ಕೇ ಎಲ್ಲರೂ ಕರೆಯುತ್ತಿದ್ದುದು ಫ್ಯಾನ್ ಅಕ್ಕ ಎಂದು. ಅವಳು ಮೇಲೆ ನೋಡಿದ ಕೂಡಲೇ ಆಯಾಗಳಲ್ಲಿ ಯಾರಾದರೂ ಕೂಗುತ್ತಿದ್ದರು, “ಫ್ಯಾನ್ ಅಕ್ಕಂಗೆ ಫ್ಯಾನ್ ಹಾಕ್ರೇ!” ಫ್ಯಾನು ತಿರುಗುತ್ತಲೇ ಇದ್ದರೆ, “ಆಫ್ ಮಾಡ್ರೇ, ಚಳಿಯಂತೆ!” ಸ್ವಿಚ್ಚು ನನ್ನ ತಲೆಯ ಮೇಲೇ ಇದ್ದುದರಿಂದ ಆ ಕೆಲಸ ನನ್ನದಾಯಿತು. ದಿನಕ್ಕೆ ನಲವತ್ತು ಸಲ ಏಳುವುದು, ಟಪ್, ಕೂರುವುದು, ಮತ್ತೆ ಏಳುವುದು, ಟಪ್. ಮಂಡಿ ನೋವಿಗೆ ಒಳ್ಳೆಯದಾಯಿತು ಎಂದು ಬೇಕಾದರೆ ಹೇಳಬಹುದು.

ಅವಳ ಅಣ್ಣನಿಗೆ ಪೇಟೆಯಲ್ಲಿ ಎಲೆಕ್ಟ್ರಿಕಲ್ ಅಂಗಡಿ. ತಂಗಿಗೆ ಫ್ಯಾನೆಂದರೆ ಪ್ರಾಣ ಎಂದು ಆ ಹಾಲಿಗೆ ಫ್ಯಾನು ಹಾಕಿಸಿದ್ದೇ ಅವರು. ಅದೂ ಸಾಲದು ಎಂದು ಟೇಬಲ್ ಫ್ಯಾನು ಒಂದು. ಶನಿವಾರ ಶನಿವಾರ ಅಲ್ಲಿನ ಊಟ ಮುಗಿಯುವ ಹೊತ್ತಿಗೆ ಕ್ಯಾರಿಯರಿನಲ್ಲಿ ಮೊಸರನ್ನ ಹಿಸುಕಿಕೊಂಡು ಬಂದು ಮೇಲಿಂದ ತಾವೂ ನಾಲ್ಕು ತುತ್ತು ಉಣಿಸುತ್ತಿದ್ದರು. ಉಳಿದ ದಿನವೂ ಅವಳಿಗೆ ಅದೇ. ಗಂಟಲಲ್ಲಿ ಗಟ್ಟಿ ಇಳಿಯುವುದಿಲ್ಲ ಎಂದು ಮೆತ್ತನೆಯ ಊಟ, ಮೆತ್ತನೆಯದು ಎಂದರೆ ಮೊಸರನ್ನ. ಅದರಾಚೆಗೆ ಯಾರೂ ಯೋಚಿಸಿರಲಿಲ್ಲ.

ಫ್ಯಾನ್ ಅಕ್ಕನಿಗೆ ಉಣಿಸುವುದು ನನ್ನ ಮೊಮ್ಮಗಳ ಪಾಲಿಗೆ ಬಂತು. ಅಲ್ಲಿಂದ ನನ್ನ ಸಂಕಟ. ಅವಳು ಒಂದು ಚಮಚ ಕೊಡುತ್ತಾಳೆ, ಕಾಯುತ್ತಾಳೆ. ಕಾಯುವುದೆಂದರೆ ಅವಳದು ಕಾಯುವುದು, ನಮ್ಮ ನಿಮ್ಮ ಹಾಗೆ ಕಾಲು ಅಲ್ಲಾಡಿಸಿಕೊಂಡಲ್ಲ. ಅರ್ಧ ತಟ್ಟೆಯಾಗುವಷ್ಟರಲ್ಲಿ ಎದ್ದುಬಿಡುತ್ತಾಳೆ. ದಿನಾ ಅರ್ಧ ತಟ್ಟೆ ಅನ್ನ ವಾಪಸು.

“ಅವಳ ಅಣ್ಣ ನೋಡಿದ್ರೆ ಏನಂತಾರೇ? ಪೂರ್ತಿ ಉಣಿಸೋದಲ್ವಾ?”

“ಸಾಕು ಅಂದ್ರು ಅಜ್ಜಿ.”

“ಮಾತೇ ಬರದೋಳು ಸಾಕು ಅಂದ್ಲಾ?”

“ಹೂಂ” ಎಂದು ಹೋಗುತ್ತಿದ್ದಳು. ಅವಳು ಹೂಂ ಎಂದ ಮೇಲೆ ಮುಗಿಯಿತು. ನನಗೆ ಎದೆಯಲ್ಲಿ ಹೊಳೆಹೊನ್ನೂರಿನ ಬೀಗರೆಲ್ಲ ಎದ್ದು ಕೂರುತ್ತಿದ್ದರು.

ತಿಂಗಳು ಮುಗಿಯಲು ಇನ್ನು ನಾಲ್ಕೇ ದಿನವಿತ್ತು. ಶನಿವಾರ. ಊಟದ ಹೊತ್ತಿನಲ್ಲಿ ಇನ್ನೊಬ್ಬರನ್ನು ಕುರ್ಚಿಯಿಂದ ಎತ್ತಲು ಕೈ ಬೇಕಾಯಿತು ಎಂದು ಮೊಮ್ಮಗಳನ್ನು ಒಳಗೆ ಕರೆದರು. ಫ್ಯಾನ್ ಅಕ್ಕನ ಮುಂದೆ ಅರ್ಧ ತಟ್ಟೆ ಅನ್ನ ಹಾಗೇ ಇತ್ತು. ಇನ್ನು ಹತ್ತು ನಿಮಿಷಕ್ಕೆ ಅಣ್ಣ ಬರುತ್ತಾರೆ, ತಟ್ಟೆ ನೋಡುತ್ತಾರೆ, ದೂರು ಕೊಡುತ್ತಾರೆ, ನನ್ನ ಮೊಮ್ಮಗಳು ಮನೆಗೆ. ಅದು ಆಗಬಾರದು. ನಾನು ಹುರುಳಿಕಾಯಿ ಪಕ್ಕಕ್ಕಿಟ್ಟು ಎದ್ದೆ.

“ಬಾ ನನ್ನ ಚಿನ್ನ, ಕಾಗೆದೊಂದು ತುತ್ತು” ಎಂದೆ. ನಲವತ್ತು ದಾಟಿದ ಹೆಂಗಸು ನನ್ನನ್ನು ನೋಡಿದ ನೋಟ ಇವತ್ತಿಗೂ ಕಣ್ಣ ಮುಂದಿದೆ. ಬಾಯಿ ಬಿಗಿದಳು. ಬಾಯಿ ಬಿಗಿದ ಎಷ್ಟು ಜನರನ್ನು ನಾನು ನೋಡಿಲ್ಲ? “ಗುಬ್ಬಿದೊಂದು” ಎಂದೆ. ಬೇಸತ್ತು ಉಸಿರು ಬಿಟ್ಟಳು, ಆ ಸಂದಿಯಲ್ಲಿ ಚಮಚ ಒಳಗೆ. ಹಾಗೇ ಆರು ತುತ್ತು. ತಟ್ಟೆಯ ತಳ ಕಾಣಿಸಿತು. ನನ್ನ ಕೈಗುಣ ಇನ್ನೂ ಹೋಗಿಲ್ಲ ಎಂದು ನನಗೇ ಖುಷಿಯಾಯಿತು. ಆ ಖುಷಿಯಲ್ಲಿರುವಾಗಲೇ ಆ ಆರೂ, ಅದಕ್ಕೆ ಮೊದಲು ತಿಂದದ್ದೂ ಸೇರಿ ನನ್ನ ಸೀರೆಯ ಮೇಲೆ ವಾಪಸು ಬಂತು. ತಲೆ ಎತ್ತಿದರೆ ಬಾಗಿಲಲ್ಲಿ ಕ್ಯಾರಿಯರ್ ಹಿಡಿದುಕೊಂಡು ಅಣ್ಣ.

“ಯಾರ್ರೀ ಇವಳನ್ನ ನೋಡ್ಕೊಳ್ಳೋದು?” ಎಂದು ಅವರು ಕೂಗಿದ ಕೂಗಿಗೆ ಮೇಡಂ ಓಡಿ ಬಂದರು. ಮೇಡಂ ಬಾಯಿಂದ ಮೊಮ್ಮಗಳ ಹೆಸರು ಬಂತು. ಅಲ್ಲೇ ಗೋಡೆಗೆ ನೇತು ಹಾಕಿದ್ದ ದೂರು ಪುಸ್ತಕ, ಅದಕ್ಕೆ ದಾರ ಕಟ್ಟಿದ ಪೆನ್ನು. ಅಣ್ಣ ನಿಂತಲ್ಲೇ ಬರೆದರು. ಊಟ ಸರಿಯಾಗಿ ಉಣಿಸುವುದಿಲ್ಲ, ಉಣಿಸಿದ್ದೆಲ್ಲ ವಾಂತಿ, ಹುಡುಗಿಗೆ ಕೆಲಸ ಬರುವುದಿಲ್ಲ. ಬರೆದು ಸಹಿಯನ್ನೂ ಹಾಕಿದರು. ಆಗ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಜೀವಮಾನದಲ್ಲಿ ಬಾಯಿ ಮುಚ್ಚಿದ್ದು ಅದೊಂದೇ ಸಲ, ಅದೂ ತಪ್ಪು ಹೊತ್ತಿನಲ್ಲಿ.

ಮೊಮ್ಮಗಳು ಬಂದಳು. ಅಣ್ಣನನ್ನೂ ನೋಡಲಿಲ್ಲ, ಪುಸ್ತಕವನ್ನೂ ನೋಡಲಿಲ್ಲ. ಫ್ಯಾನ್ ಅಕ್ಕನನ್ನು ಮುಂದಕ್ಕೆ ಬಾಗಿಸಿ ಹಿಡಿದು, ಬಾಯಿ ಒರೆಸಿ, ಉಸಿರು ಸರಿಯಾಗಿದೆಯೇ ನೋಡಿ, ಮೈಮೇಲಿನ ಬಟ್ಟೆ ಬದಲಿಸಿ ಮುಗಿಸಿದಳು. ಆಮೇಲೆ, “ಯಾರು ತಿನ್ಸಿದ್ದು?” ಎಂದಳು.

“ನಾನೇ ಮಾರಾಯ್ತಿ.”

“ಹೆಬ್ಬೆರಳು ಮಡಚಿದ್ರಲ್ಲ. ನೋಡ್ಲಿಲ್ವಾ?”

“ಯಾವ ಹೆಬ್ಬೆರಳೇ?”

“ಎಡದ್ದು. ಮಡಚಿದ್ರೆ ಸಾಕು ಅಂತ. ದಿನಾ ಮಡಚ್ತಾರೆ. ಇನ್ನೂ ಮಡಚ್ಕೊಂಡೇ ಇದಾರೆ, ನೋಡಿ.”

ಎಲ್ಲರೂ ಬಗ್ಗಿ ನೋಡಿದೆವು. ಎಡಗೈಯ ಹೆಬ್ಬೆರಳು ಅಂಗೈಯೊಳಗೆ ಗಟ್ಟಿಯಾಗಿ ಮಡಚಿತ್ತು.

ಅಣ್ಣನ ಮುಖ ಕೆಂಪಾಯಿತು. “ಏನಮ್ಮ, ಹುಟ್ಟಿದಾಗಿಂದ ನೋಡ್ತಿದೀನಿ ನಾನು ಇವಳನ್ನ! ನನಗೆ ಗೊತ್ತಿಲ್ದೇ ಇರೋದು ಒಂದು ತಿಂಗಳಿಗೆ ನಿಂಗೆ ಗೊತ್ತಾಯ್ತಾ?”

“ನೀವು ಕೇಳಿದೀರಾ?”

“ಏನನ್ನ?”

“ಅವರನ್ನ. ಸಾಕಾ, ಬೇಕಾ ಅಂತ. ಕೇಳಿ, ಸುಮ್ನೆ ಕಾಯ್ಬೇಕು. ಕೈ ನೋಡ್ಬೇಕು.”

ಅಣ್ಣ ಸಿಟ್ಟಿನಲ್ಲೇ ತಂಗಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. “ಪುಟ್ಟಿ, ಮೊಸರನ್ನ ಬೇಕೇನೇ?” ಎಂದರು. ನಾವೆಲ್ಲ ಆ ಹೆಬ್ಬೆರಳನ್ನು ನೋಡಿದೆವು. ಅದು ಸಡಿಲವಾಯಿತು. ಅಣ್ಣನ ಮುಖ ಅರಳಿತು. ಹೊರಗೆ ಬಂದ ಹೆಬ್ಬೆರಳು ಒಂದು ಸುತ್ತು ಹಾಕಿ ಮತ್ತೆ ಒಳಗೆ ಹೋಗಿ ಮಡಚಿಕೊಂಡಿತು, ಮೊದಲಿಗಿಂತ ಗಟ್ಟಿಯಾಗಿ.

“ಈಗ ಹೊಟ್ಟೆ ಸರಿಯಿಲ್ಲ, ಅದಕ್ಕೆ ಬೇಡ ಅಂತಿದಾಳೆ” ಎಂದರು ಅಣ್ಣ. “ನಾಳೆ ಬೇಕಾ?” ಹೆಬ್ಬೆರಳು ಅಲ್ಲಾಡಲಿಲ್ಲ. “ಮುಂದಿನ ಶನಿವಾರ?” ಅಲ್ಲಾಡಲಿಲ್ಲ. “ಯಾವತ್ತೂ ಬೇಡ್ವೇನೇ?” ಎಂದು ಕೇಳಿದರು, ದನಿ ಸಣ್ಣದಾಗಿತ್ತು.

ಫ್ಯಾನ್ ಅಕ್ಕ ಕಣ್ಣು ಮೇಲೆತ್ತಿ ಫ್ಯಾನು ನೋಡಿದಳು.

ನನ್ನ ಕೈ ತಾನಾಗಿಯೇ ಸ್ವಿಚ್ಚಿಗೆ ಹೋಯಿತು. ಟಪ್.

“ಅಜ್ಜಿ, ಅದು ಹೌದು ಅಂತ” ಎಂದಳು ಮೊಮ್ಮಗಳು.

“ಯಾವುದೇ?”

“ಮೇಲೆ ನೋಡೋದು. ಮೇಲೆ ನೋಡಿದ್ರೆ ಹೌದು. ಹೆಬ್ಬೆರಳು ಮಡಚಿದ್ರೆ ಇಲ್ಲ.” ನೋಟ್‌ಬುಕ್ ತೆಗೆದು ತೋರಿಸಿದಳು, ಬರೆದಿಟ್ಟಿದ್ದಳು ಪುಣ್ಯಾತ್ಗಿತ್ತಿ.

ಮೇಡಂ ಮೆಲ್ಲಗೆ ಕೇಳಿದರು, “ನಿಂಗೆ ಗೊತ್ತಿದ್ರೆ ಹೇಳ್ಲಿಲ್ಲ ಯಾಕಮ್ಮ? ನಾವು ವರ್ಷಗಟ್ಟಲೆ ಫ್ಯಾನು...”

“ಯಾರೂ ಕೇಳ್ಲಿಲ್ಲ. ನೀವೆಲ್ಲ ಅವರ ಜೊತೆ ಫ್ಯಾನಿನ ಆಟ ಆಡ್ತಿದೀರಿ ಅಂದ್ಕೊಂಡೆ. ಅಜ್ಜಿನೂ ಎದ್ದು ಕೂತು ಮಾಡ್ತಿದ್ರು. ಅಕ್ಕಂಗೂ ಮಜಾ ಬರ್ತಿತ್ತು.”

ಅಣ್ಣ ತಂಗಿಯ ಕಡೆ ತಿರುಗಿದರು. “ಪುಟ್ಟಿ, ನಿಜ ಹೇಳು. ನಿಂಗೆ ಫ್ಯಾನ್ ಅಂದ್ರೆ ಇಷ್ಟಾನಾ?”

ಹೆಬ್ಬೆರಳು ಮಡಚಿತು.

“ಟೇಬಲ್ ಫ್ಯಾನು?”

ಇನ್ನೂ ಒಳಕ್ಕೆ ಮಡಚಿತು. ಅಷ್ಟೇ ಅಲ್ಲ, ಫ್ಯಾನ್ ಅಕ್ಕನ ಎದೆಯಿಂದ ಗೊರಗೊರ ಎಂದು ಒಂದು ಶಬ್ದ ಹೊರಟಿತು. ನಾವು ಹೆದರಿದೆವು. ಅವಳು ನಗುತ್ತಿದ್ದಳು. ಅವಳು ನಕ್ಕಳೆಂದು ಆಯಾಗಳು ನಕ್ಕರು, ಮೇಡಂ ಬಾಯಿಗೆ ಸೆರಗು ತುರುಕಿಕೊಂಡರು, ನಾನು ವಾಂತಿಯ ಸೀರೆಯಲ್ಲೇ ಬೆಂಚಿಗೆ ಆತುಕೊಂಡು ನಕ್ಕೂ ನಕ್ಕೂ ಪಕ್ಕೆ ಹಿಡಿದುಕೊಂಡೆ. ಅಣ್ಣ ನೆಲದ ಮೇಲೆ ಕೂತೇಬಿಟ್ಟರು. “ಮೂರು ಸ್ಪೀಡಿನದು ತಂದ್ಕೊಟ್ಟೆನಲ್ಲೇ ಪುಟ್ಟಿ!” ಎಂದರು, ಆ ಮಾತಿಗೆ ಅವಳ ಕುರ್ಚಿಯೇ ಅಲ್ಲಾಡುವ ಹಾಗೆ ನಕ್ಕಳು.

ಆಮೇಲೆ ಅಣ್ಣನಿಗೆ ಹುಚ್ಚು ಹಿಡಿದ ಹಾಗಾಯಿತು, ಕೇಳಿದ್ದೇ ಕೇಳಿದ್ದು. ಪಾಯಸ ಬೇಕಾ? ಬೇಡ. ಹಾಲು ಅನ್ನ? ಬೇಡ. ಬಾಳೆಹಣ್ಣು? ಬೇಡ. ಮೆತ್ತಗಿರುವುದೆಲ್ಲ ಒಂದೊಂದಾಗಿ ಹೆಬ್ಬೆರಳಿನ ಕೆಳಗೆ ಹೋಯಿತು. “ಮತ್ತೆ ಎಂಥ ಬೇಕೇ ನಿಂಗೆ?” ಎಂದು ಕೈ ಚೆಲ್ಲಿದರು. ಮೊಮ್ಮಗಳು, “ಖಾರ” ಎಂದಳು. “ಅಜ್ಜಿ ಬುತ್ತಿ ತೆಗೆದಾಗೆಲ್ಲ ಉಪ್ಪಿನಕಾಯಿ ವಾಸನೆಗೆ ಮೇಲೆ ನೋಡ್ತಾರೆ. ಇಲ್ಲಿಗೆ ಬರೋ ನರ್ಸನ್ನ ಕೇಳಿದೀನಿ. ಹೋಳು ಕೊಡಬಾರ್ದು, ರಸ ಅನ್ನದಲ್ಲಿ ನುಣ್ಣಗೆ ಕಲಸಿ ಕೊಟ್ರೆ ತೊಂದ್ರೆ ಇಲ್ಲ ಅಂದ್ರು. ಮನೆಯವರ ಒಪ್ಪಿಗೆ ಬೇಕು ಅಂದ್ರು. ನೀವು ಶನಿವಾರ ಬರ್ತೀರಲ್ಲ, ಇವತ್ತು ಕೇಳೋಣ ಅಂತಿದ್ದೆ.”

“ಉಪ್ಪಿನಕಾಯಿ ಬೇಕಾ ಪುಟ್ಟಿ?”

ಫ್ಯಾನ್ ಅಕ್ಕನ ಕಣ್ಣು ಎಷ್ಟು ಮೇಲೆ ಹೋಯಿತೆಂದರೆ ಬಿಳಿ ಗುಡ್ಡೆ ಬಿಟ್ಟು ಬೇರೇನೂ ಕಾಣಲಿಲ್ಲ.

ನಾವೆಲ್ಲ ಇನ್ನೂ ಕಣ್ಣೊರೆಸಿಕೊಳ್ಳುತ್ತಿರುವಾಗ ಮೊಮ್ಮಗಳು ಮೊಳೆಯಿಂದ ತನ್ನ ಬ್ಯಾಗು ತೆಗೆದುಕೊಂಡು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.

“ಎಲ್ಲಿಗೇ?” ಎಂದೆ.

“ಮನೆಗೆ. ದೂರು ಬಂದಿದೆ.” ಗೋಡೆಯ ಪುಸ್ತಕ ತೋರಿಸಿದಳು. “ಒಂದು ದೂರು ಬಂದ್ರೆ ಬಿಡ್ಬೇಕು ಅಂತ ಮೇಡಂ ಹೇಳಿದ್ರು. ನಂಗೆ ಈ ಕೆಲಸ ತುಂಬಾ ಇಷ್ಟ ಆಗಿತ್ತು.”

ಅಷ್ಟು ಹೇಳಿ ನಿಂತಳು. ಮುಖದಲ್ಲಿ ಏನೂ ಇರಲಿಲ್ಲ, ಆದರೆ ಬ್ಯಾಗಿನ ಪಟ್ಟಿಯನ್ನು ಹಿಡಿದ ಬೆರಳು ಬೆಳ್ಳಗಾಗಿದ್ದವು. ಅವಳಿಂದ ಕೈ ನೋಡುವುದನ್ನು ನಾನೂ ಅಷ್ಟರಲ್ಲಿ ಕಲಿತಿದ್ದೆ.

“ಅಯ್ಯೋ, ಅದು ಹೊಡೆದು ಹಾಕಿದ್ರಾಯ್ತಮ್ಮ!” ಎಂದು ಅಣ್ಣ ಪೆನ್ನಿಗೆ ಕೈ ಹಾಕಿದರು. ಮೇಡಂ ಅಡ್ಡ ಬಂದರು: ಮೇಲಿನವರು ಬಂದು ನೋಡುವ ಪುಸ್ತಕ, ಹೊಡೆಯುವ ಹಾಗಿಲ್ಲ, ಹರಿಯುವ ಹಾಗಿಲ್ಲ. ಮೂವರೂ ನಿಂತು ಆ ಹಾಳೆಯನ್ನೇ ನೋಡಿದರು. ನನಗೆ ಆಗ ಬಾಯಿ ಬಂತು.

“ಹೊಡೆಯೋದ್ಯಾಕೆ ಮಾರಾಯ್ರೆ? ಬರೆದಿರೋದು ಸರಿಯಾಗೇ ಇದೆ. ಆಸಾಮಿ ಮಾತ್ರ ತಪ್ಪು. ವಾಂತಿ ಮಾಡ್ಸಿದ್ದು ನಾನು, ಕೆಲಸ ಬರದೋಳು ನಾನು. ಕೆಳಗೆ ಹಾಗೇ ಬರೀರಿ.”

ಅಣ್ಣ ಬರೆದರು. ಮೇಲಿನ ದೂರು ಹುಡುಗಿಯ ಮೇಲೆ ಅಲ್ಲ, ಅವಳ ಅಜ್ಜಿಯ ಮೇಲೆ. ಹುಡುಗಿಗೆ ಕೆಲಸ ಬರುತ್ತದೆ. ಮತ್ತೆ ಸಹಿ. ಮೊಮ್ಮಗಳು ಎರಡು ಸಲ ಓದಿದಳು. “ಈಗ ಸರಿಯಾಯ್ತು” ಎಂದು ಬ್ಯಾಗನ್ನು ಮೊಳೆಗೆ ಸಿಕ್ಕಿಸಿದಳು.

ಮೇಡಂ ನಿಟ್ಟುಸಿರು ಬಿಟ್ಟು, “ಇನ್ನು ನಾಲ್ಕು ದಿನ ಎಂಥ ಕಾಯೋದು, ಕೆಲಸ ನಿಂದೇ” ಎಂದರು. ಅವಳು ಕುಣಿಯಲಿಲ್ಲ, ಕಾಲಿಗೆ ಬೀಳಲಿಲ್ಲ. ಸ್ವಲ್ಪ ಯೋಚಿಸಿ ಕೇಳಿದಳು:

“ದೂರು ಬಂದೋರನ್ನ ಇಟ್ಕೊಳ್ಳಲ್ಲ ಅಲ್ವಾ ಮೇಡಂ?”

“ಹೌದು, ಯಾಕೆ?”

“ಹಂಗಾದ್ರೆ ಅಜ್ಜಿ ಸೋಮವಾರದಿಂದ ಬರಲ್ಲ.”

ಮೇಡಂ ನನ್ನ ಮುಖ ನೋಡಿದರು. ಇವಳು ಒಬ್ಬಳೇ ಬಸ್ಸಿನಲ್ಲಿ ಬರುತ್ತಾಳಾ ಎಂದು ಕೇಳಲು ಹೊರಟವರು ತಲೆ ಆಡಿಸಿ ಒಪ್ಪಿಕೊಂಡರು. ನಿಯಮ ಮಾಡಿದವರು ಅವರೇ.

ಸೋಮವಾರ ಬೆಳಿಗ್ಗೆ ಅವಳನ್ನು ಬಸ್ಸಿಗೆ ಹತ್ತಿಸಲು ಹೋದೆ. ಅವಳ ಬುತ್ತಿಯ ಜೊತೆ ಒಂದು ಸಣ್ಣ ಡಬ್ಬಿಯಲ್ಲಿ ಬರೀ ಉಪ್ಪಿನಕಾಯಿಯ ರಸ ಕಟ್ಟಿಕೊಟ್ಟಿದ್ದೆ, ಒಂದು ಹೋಳೂ ಇಲ್ಲದೆ ಸೋಸಿ. ಶಿವಮೊಗ್ಗದ ಬಸ್ಸು ಬಂತು. ಅವಳು ಹತ್ತಿದಳು. ಕಂಡಕ್ಟರು ಬಾಗಿಲು ಹಿಡಿದುಕೊಂಡು “ಹತ್ತಿ ಅಜ್ಜಿ, ಬೇಗ, ಬೇಗ” ಎಂದ.

“ನಾನು ಬರಲ್ಲ ಮಾರಾಯ. ನನ್ನ ಕೆಲಸದಿಂದ ತೆಗೆದಿದಾರೆ.”

“ಈ ವಯಸ್ಸಲ್ಲಾ? ಎಂಥ ಮಾಡಿದ್ರಿ?”

“ಊಟ ಹಾಕಿದೆ” ಎಂದೆ. ಸೀಟಿನಲ್ಲಿದ್ದವರೆಲ್ಲ ಕತ್ತು ಹೊರಳಿಸಿ ನನ್ನನ್ನು ನೋಡಿದರು. ನನಗೆ ನಗು ತಡೆಯಲಾಗಲಿಲ್ಲ. ಮೊಮ್ಮಗಳೊಬ್ಬಳೇ ತಿರುಗಲಿಲ್ಲ; ಕಿಟಕಿಯ ಪಕ್ಕದ ಸೀಟು ಹಿಡಿದು, ಬುತ್ತಿಯ ಚೀಲವನ್ನು ತೊಡೆಯ ಮೇಲೆ ನೆಟ್ಟಗಿಟ್ಟುಕೊಂಡು, ಮುಂದೆ ನೋಡುತ್ತ ಕೂತಿದ್ದಳು. ಕಂಡಕ್ಟರು ಸೀಟಿ ಊದಿದ.